ಹಳದಿ ಪಟ್ಟಿಯ ಹನಿಯಕ್ಕ

ನಮ್ಮ ಕಣ್ಣಾಸ್ಪತ್ರೆಯಲ್ಲಿ ಡಾಕ್ಟರಿಗಿಂತ ಮೊದಲು ರೋಗಿಗಳಿಗೆ ಸಿಗುವವಳು ಹನಿಯಕ್ಕ. ಪಾಪೆ ಅಗಲವಾಗಲು ಕಣ್ಣಿಗೆ ಔಷಧದ ಹನಿ ಬಿಟ್ಟು, ಉದ್ದನೆಯ ಬೆಂಚಿನ ಮೇಲೆ ಕಣ್ಣು ಮುಚ್ಚಿಸಿ ಕೂರಿಸುವುದು ಅವಳ ಕೆಲಸ. ಕಣ್ಣು ಮುಚ್ಚಿ ಕೂತವರಿಗೆ ಭಯ ಜಾಸ್ತಿ. ಅದಕ್ಕೇ ಅವಳು ಏನಾದರೂ ಮಾತಾಡುತ್ತಲೇ ಇರುತ್ತಿದ್ದಳು. "ಉರಿ ನಂದಲ್ಲ ಅಜ್ಜ, ಔಷಧಿದು. ಬೈಯೋದಾದ್ರೆ ಬಾಟ್ಲಿನ ಬೈರಿ" ಎಂದರೆ ಬೆಂಚಿಗೆ ಬೆಂಚೇ ನಗುತ್ತಿತ್ತು. ಎದುರು ಕೋಣೆಯಲ್ಲಿ ಕನ್ನಡಕದ ಅಳತೆ ತೆಗೆಯುವ ನನಗೂ ನಗು ಬರುತ್ತಿತ್ತು.

ಹೋದ ವರ್ಷ ಆಡಳಿತದವರು ಒಬ್ಬ ತರಬೇತುದಾರನನ್ನು ಕರೆಸಿದರು. ಆತ ಪ್ರಶ್ನೆಗಳ ಹಾಳೆ ಹಂಚಿ, ನಮ್ಮನ್ನೆಲ್ಲ ನಾಲ್ಕು ಬಣ್ಣಗಳಲ್ಲಿ ವಿಂಗಡಿಸಿದ. ನಮ್ಮೊಳಗಿನ ನಿಜವಾದ ನಾವು ಯಾರೆಂದು ಅರಿತುಕೊಳ್ಳಬೇಕಂತೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ; ಈತ ಕನ್ನಡಿ ಮಾರಿಯೇ ಹೊಟ್ಟೆ ಹೊರೆಯುವವನು. ಅಳುಮೋರೆಯವರಿಗೆ ನೀಲಿ ಪಟ್ಟಿಯಂತೆ; ಹನಿಯಕ್ಕನದು ಸದಾ ಉಲ್ಲಾಸದ ಸ್ವಭಾವ ಎಂದು ತೋಳಿಗೆ ಹಳದಿ ಪಟ್ಟಿ ಕಟ್ಟಿದರು. ನನ್ನನ್ನು ಸಿಡುಕಿ ಎಂದರು. ಅದೊಂದು ಸರಿಯಾಗಿತ್ತು ಅನ್ನಿ.

ಕೆಲವೇ ತಿಂಗಳಲ್ಲಿ ಅವಳ ತಮ್ಮ ತೀರಿಕೊಂಡ. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ. ಮತ್ತೆ ಕೆಲಸಕ್ಕೆ ಬಂದಾಗ ಕೈ ಮೊದಲಿನಷ್ಟೇ ಹಗುರವಾಗಿತ್ತು, ಆದರೆ ಮಾತು ನಿಂತುಹೋಗಿತ್ತು. ಒಂದು ದಿನ ಬೆಂಚಿನ ಮೇಲಿದ್ದ ಅಜ್ಜಿಯೊಬ್ಬರು ಕಣ್ಣು ಮುಚ್ಚಿಕೊಂಡೇ ಅವಳ ಕೈ ಹಿಡಿದು, "ಏನಾಯ್ತಮ್ಮ ನಿಂಗೆ? ನಿನ್ನ ದನೀನೇ ಕೇಳ್ತಿಲ್ವಲ್ಲ" ಎಂದರು. ಹನಿಯಕ್ಕ ಅವರ ಪಕ್ಕದಲ್ಲೇ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅಜ್ಜಿ ಬೆನ್ನು ಸವರಿದರು. ಉಳಿದವರು ಸುಮ್ಮನೆ ಕಾದರು, ಯಾರೂ ತಕರಾರು ಮಾಡಲಿಲ್ಲ.

ತಕರಾರು ತೆಗೆದವನು ಮ್ಯಾನೇಜರ್. ಅವಳನ್ನು ಕರೆಸಿದಾಗ ನಾನೂ ಹಿಂದೆಯೇ ಹೋದೆ. ಹಳದಿಯವರು ಹೀಗಿರುವುದಿಲ್ಲ, ನೀವೀಗ ನೀವಾಗಿ ಉಳಿದಿಲ್ಲ ಎಂದು ಆತ ಬೆಣ್ಣೆಯಂಥ ದನಿಯಲ್ಲಿ ಹೇಳಿದ. ಆ ತರಬೇತುದಾರನ ಶಿಬಿರಕ್ಕೆ ಹೋಗಿ ತನ್ನತನವನ್ನು ಹುಡುಕಿಕೊಂಡು ಬರಬೇಕು, ಅಲ್ಲಿಯವರೆಗೆ ಹನಿ ಕೋಣೆ ಬಿಟ್ಟು ಉಗ್ರಾಣದಲ್ಲಿ ಡಬ್ಬ ಜೋಡಿಸಬೇಕಂತೆ. ನನ್ನ ಮೈಯೆಲ್ಲ ಉರಿದುಹೋಯಿತು. ತಮ್ಮನ ಸಾವಿಗೆ ಅತ್ತವಳು ಅವಳಲ್ಲವಂತೆ, ಹೆಣದ ಮುಂದೆಯೂ ಹಲ್ಲು ಕಿರಿದರೆ ಮಾತ್ರ ಅವಳು ಅವಳಂತೆ!

ಹನಿಯಕ್ಕ ದನಿ ಏರಿಸಲಿಲ್ಲ. "ನಾನು ಸಾಕಿದ ಹುಡುಗ ಸತ್ತಿದಾನೆ ಸರ್. ನಗಿಸ್ತಿದ್ದೋಳೂ ನಾನೇ, ಅಳ್ತಿರೋಳೂ ನಾನೇ. ಇನ್ಯಾರನ್ನ ಹುಡುಕ್ಕೊಂಡು ಬರ್ಲಿ?"

ಆತ ಗಂಭೀರವಾಗಿ ಯೋಚಿಸಿದ. "ಹಾಗಾದ್ರೆ ನೀವು ನೀಲಿ ಇರ್ಬೇಕು. ಪರೀಕ್ಷೆಲಿ ತಪ್ಪು ಉತ್ತರ ಬರ್ದಿದೀರ" ಎಂದು ಡ್ರಾಯರ್ ಎಳೆದು, ಹೊಸ ಪಟ್ಟಿಯೊಂದನ್ನು ಮೇಜಿನ ಮೇಲಿಟ್ಟ.

ಹನಿಯಕ್ಕ ಅದನ್ನು ಮುಟ್ಟಲಿಲ್ಲ. ನೇರ ಹನಿ ಕೋಣೆಗೆ ಹೋಗಿ, ಕೈ ತೊಳೆದು, ಕಾಯುತ್ತಿದ್ದವರ ಗಲ್ಲ ಮೇಲೆತ್ತಿ ಔಷಧ ಬಿಡತೊಡಗಿದಳು. ಯಾವನು ಬಂದು ಅವಳನ್ನು ಅಲ್ಲಿಂದ ಕದಲಿಸುತ್ತಾನೋ ನೋಡೇಬಿಡುತ್ತೇನೆ ಎಂದು ನಾನು ಬಾಗಿಲಿಗೆ ಅಡ್ಡ ನಿಂತೆ.