ಬರ್ತೀನಿ

ದೆಹಲಿಯ ಹೌಜ್ ಖಾಸ್‌ನಲ್ಲಿ ಓದುವಾಗ ಹಾಸ್ಟೆಲಿನಲ್ಲಿ ನನ್ನ ಪಕ್ಕದ ಕೋಣೆಯಲ್ಲಿದ್ದ ಗೋಪಿನಾಥನಿಗೆ ಎಲ್ಲಿಂದಲೂ ಸುಮ್ಮನೆ ಎದ್ದು ಹೋಗಲು ಬರುತ್ತಲೇ ಇರಲಿಲ್ಲ. ಒಂದು ಚಪ್ಪಲಿ ಮೆಟ್ಟಿ, ಇನ್ನೊಂದನ್ನು ಕಾಲಲ್ಲೇ ತಡಕುತ್ತ, ಬಾಗಿಲಲ್ಲಿ ನಿಂತು "ಬರ್ತೀನಿ" ಎನ್ನಬೇಕು. ನಾವು "ಹ್ಞೂಂ, ಬಾ" ಎನ್ನುವ ತನಕ ಕದಲುತ್ತಿರಲಿಲ್ಲ. ಮುಂದೆ ಫರೀದಾಬಾದಿನಲ್ಲಿ ಸ್ಪ್ರಿಂಗ್ ತಯಾರಿಸುವ ಕಾರ್ಖಾನೆ ತೆರೆದ ಮೇಲಂತೂ ಅವನು ಸದಾ ಎಲ್ಲಿಂದಲೋ ಹೊರಡುತ್ತಲೇ ಇದ್ದ: ಕಾರ್ಖಾನೆಯಿಂದ ರೋಹಿಣಿ ಬಡಾವಣೆಯ ತನ್ನ ಮನೆಗೆ, ಮಗಳ ಹೋಮ್‌ವರ್ಕ್ ಮುಗಿಸಿ ಕನ್ನಡ ಸಂಘಕ್ಕೆ, ಅಲ್ಲಿಂದ ಊರಿನಿಂದ ಬಂದ ಹೊಸಬರಿಗೆ ಬಾಡಿಗೆ ಕೋಣೆ ಹುಡುಕಲಿಕ್ಕೆ. ಚಹಾ ಅಂಗಡಿಯ ಭಯ್ಯಾನಿಗೂ "ಬರ್ತೀನಿ" ಎಂದೇ ಹೇಳುತ್ತಿದ್ದ, ಆತ ಅದನ್ನು ಕನ್ನಡದ ನಮಸ್ಕಾರವೆಂದು ತಿಳಿದು, ಗೋಪಿ ಬರುವುದು ಕಂಡರೆ ಸಾಕು, "ಬರ್ತೀನಿ, ಸಾಬ್!" ಎಂದು ಸ್ವಾಗತಿಸುತ್ತಿದ್ದ. ಚಳಿಗಾಲದ ಮಂಜಿನಲ್ಲಿ ಅವನ ಕಾರು ಕರಗಿಹೋದ ಮೇಲೂ ಆ ಮಾತು ನಮ್ಮ ಗೇಟಿನ ಬಳಿ ತೇಲುತ್ತಿದೆ ಎಂದು ನನಗೆ ಅನಿಸುವುದಿತ್ತು. ಈ ಜನವರಿಯಲ್ಲಿ ಅವನು ಯಾರಿಗೂ ಏನೂ ಹೇಳದೆ, ನಿದ್ದೆಯಲ್ಲೇ ಹೊರಟುಹೋದ. ಸಾವಿನ ಮನೆಯಿಂದ ಏಳುವಾಗ "ಬರ್ತೀನಿ" ಎನ್ನಬಾರದಲ್ಲ, ನಾವೆಲ್ಲ ತುಟಿ ಬಿಗಿಹಿಡಿದು ಚಪ್ಪಲಿ ಮೆಟ್ಟುತ್ತಿದ್ದೆವು. ದೆಹಲಿಯಲ್ಲೇ ಬೆಳೆದ ಅವನ ಮಗಳು ಹಂಸಿನಿಗೆ ಆ ಪದ್ಧತಿ ಗೊತ್ತಿರಲಿಲ್ಲ. ಬಾಗಿಲಿಗೆ ಬಂದು, "ಅಂಕಲ್, ಯಾರೂ ಬರ್ತೀನಿ ಹೇಳ್ತಾನೇ ಇಲ್ಲ... ಅಬ್ ನಹೀ ಆಯೇಂಗೆ ಕ್ಯಾ? ಇನ್ಮೇಲೆ ಬರೋದೇ ಇಲ್ವಾ?" ಎಂದಳು. ಶಾಸ್ತ್ರದಲ್ಲಿ ಎಳ್ಳಷ್ಟೂ ಬಿಟ್ಟುಕೊಡದ ಸಂಘದ ಹಿರಿಯರಾದ ಅನಂತರಾಮರೇ ಎಲ್ಲರಿಗಿಂತ ಮೊದಲು ಬಾಯಿಬಿಟ್ಟರು: "ಬರ್ತೀನಮ್ಮ."