ಅವ್ವನಿಗಾಗಿ ಇಳಿಸಿದ ತಂತಿ

ಗೆಳತಿಯರೇ, ಇವತ್ತು ತಮ್ಮನ ಜೊತೆ ಜಗಳವಾಯಿತು. ಎಪ್ಪತ್ತರ ದಶಕದಲ್ಲಿ ಬಬಲೇಶ್ವರದ ಭಜನೆಯೊಂದರಲ್ಲಿ ಟೇಪ್ ಮಾಡಿದ ಅಪ್ಪನ ಹಾಡು ನಮ್ಮಲ್ಲಿದೆ. ಅಪ್ಪ, ಅವ್ವ ಇಬ್ಬರೂ ಈಗಿಲ್ಲ. ತಮ್ಮ ಆ ಹಾಡಿಗೆ ತನ್ನ ಐದು ತಂತಿಯ ಬೇಸ್ ಗಿಟಾರ್ ನುಡಿಸುತ್ತಿದ್ದ. ನಡುವೆ ಟೇಪಿನಲ್ಲಿ ಶ್ರುತಿ ಒಂದು ಸ್ವರ ಇಳಿದುಬಿಟ್ಟಿತು.

"ಅಕ್ಕಾ, ಇಲ್ಲಿಂದ ಟೇಪ್ ಕೆಟ್ಟೈತಿ. ಕತ್ತರಿಸಿ ಒಗೀತೀನಿ."

"ಕೈ ಹಚ್ಚಿ ನೋಡು ಮತ್ತ! ಅಲ್ಲಿ ಅವ್ವ ಹಾಡಾಕ ಕುಂತಾಳ. ಅಕಿ ಸಲುವಾಗಿ ಅಪ್ಪ ಏಕತಾರಿ ತಂತಿ ಇಳಿಸ್ಯಾನ."

ಹಿಂದಕ್ಕೆ ತಿರುಗಿಸಿ, ಸದ್ದು ಹೆಚ್ಚಿಸಿ ಕೇಳಿದೆವು. ಶ್ರುತಿ ಇಳಿಯುವ ಮೊದಲು ಅವ್ವ ಗದರಿದ್ದಳು: "ಇಳಸ್ರೀ! ನನ್ನ ದನಿ ಏನ್ ಮಾಳಗಿ ಹತ್ತಬೇಕ?"

ತಮ್ಮನ ಗಿಟಾರಿನ ದಪ್ಪ ತಂತಿಯ ಬಿರಡೆಗೆ ಒಂದು ಸಣ್ಣ ಲಿವರ್ ಇದೆ. ಅದನ್ನು ತಿರುವಿದ. ತಂತಿ ಸಡಿಲಾಗಿ ಒಂದು ಸ್ವರ ಇಳಿದು, ಅವ್ವನ ದನಿಗೆ ಸರಿಯಾಗಿ ಕೂತಿತು. ಹಾಡು ಮುಗಿಯುವವರೆಗೆ ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಟೇಪ್ ನಿಂತ ಮೇಲೂ ಅವನು ನುಡಿಸುತ್ತಲೇ ಇದ್ದ. "ಲಿವರ್ ಮ್ಯಾಲ ಮಾಡ್ಲೇನ ಅಕ್ಕಾ?"

"ಬ್ಯಾಡೋ, ಅವ್ವ ಬೈತಾಳ."

ಬೈಯಲಿ ಎಂದೇ ಅವನು ಏರಿಸಿದ. ಯಾರೂ ಬೈಯಲಿಲ್ಲ.