ಚಿಗವ್ವನ ಆರತಿ ಹಾಡಿನ ಮೂಲ

ಆ ಮಾತು ನನ್ನ ಬಾಯಿಂದ ಬಂದದ್ದು ಶೇಂಗಾ ಸುಲಿಯುವಾಗ ಎಂದು ನನ್ನ ನೆನಪು. ಚಹಾ ಕುಡಿಯುವಾಗ ಎನ್ನುತ್ತಾಳೆ ಚಿಗವ್ವ. ಮಾತು ಮಾತ್ರ ಇಬ್ಬರಿಗೂ ಒಂದೇ ಥರ ನೆನಪಿದೆ: "ಒಪೆರಾದಾಗ ಹಾಡೋ ಹೆಣ್ಮಗಳು ಭಾಳ ಮಾಡಿ ಕಡೀಕ ಸಾಯತಾಳ."

ಚಿಗವ್ವ ನನ್ನ ತಾಯಿಯ ತಂಗಿ. ಗಜೇಂದ್ರಗಡದಲ್ಲಿ ಅವಳ ಮನೆ. ಮದುವೆ, ತೊಟ್ಟಿಲು, ಕುಬಸ ಏನೇ ಇರಲಿ, ಬೀಗರು ಬಿಜ್ಜರು ಅವಳನ್ನು ಕರೆಯುವುದು ಆರತಿ ಹಾಡಿಗೆ. ಅವಳ ಧಾಟಿ ನಮ್ಮ ಕಡೆಯ ಬೇರೆ ಯಾವ ಆರತಿ ಹಾಡನ್ನೂ ಹೋಲುವುದಿಲ್ಲ. ಎರಡನೆಯ ಸಾಲಿನಲ್ಲಿ ದನಿ ಒಮ್ಮೆಲೇ ಅಟ್ಟ ಹತ್ತಿ, ಅಲ್ಲೇ ಸ್ವಲ್ಪ ಹೊತ್ತು ನಿಂತು, ಆಮೇಲೆ ಒಂದೊಂದೇ ಮೆಟ್ಟಿಲು ಇಳಿಯುತ್ತದೆ.

ಅದು ಚಿಗವ್ವನ ಗಂಡ, ನಮ್ಮ ಕಾಕಾನ ರೇಡಿಯೋದಿಂದ ಬಂದ ಧಾಟಿ. ಬಹಳ ಹಿಂದೆ ಒಂದು ಮಧ್ಯಾಹ್ನ ಕಾಕಾ ಯಾವುದೋ ಸ್ಟೇಷನ್ ಹುಡುಕುತ್ತ ಮುಳ್ಳು ತಿರುಗಿಸುವಾಗ ಪರದೇಶದ ಹೆಂಗಸೊಬ್ಬಳ ಹಾಡು ಸಿಕ್ಕಿತಂತೆ. ಚಿಗವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಬಂದು ನಿಂತಳು. ಹಾಡು ಮುಗಿಯುವ ಮೊದಲೇ ರೇಡಿಯೋದ ಸೆಲ್ ಮುಗಿದವು. ಧಾಟಿ ಅವಳಲ್ಲಿ ಉಳಿಯಿತು. ಅದಕ್ಕೆ ತನ್ನ ಆರತಿಯ ಮಾತುಗಳನ್ನು ಹೊಂದಿಸಿಕೊಂಡಳು. ಆ ರೇಡಿಯೋದ ಚರ್ಮದ ಚೀಲ, ಅದರ ವಾಸನೆ, ಚಿಗವ್ವನ ಬಿಳಿ ಬೆರಳು ಎಲ್ಲ ನನ್ನ ಕಣ್ಣ ಮುಂದಿದೆ. "ನೀ ಆವಾಗ ತೊಟ್ಟಲದಾಗ ಇದ್ದಿ," ಎನ್ನುತ್ತಾಳೆ ಅವಳು. ಹಾಗಾದರೆ ಇದು ನನ್ನ ನೆನಪೋ, ಅವಳು ಹೇಳಿದ್ದನ್ನೇ ನಾನು ಕಂಡದ್ದು ಮಾಡಿಕೊಂಡೆನೋ, ತಿಳಿಯದು. ಅವಳು ಆಮೇಲೆ ಆ ಹಾಡನ್ನು ಎಷ್ಟು ಬದಲಿಸಿದ್ದಾಳೋ ಅದೂ ತಿಳಿಯದು. ಅದು ಒಪೆರಾ, ಪರದೇಶದವರ ಹಾಡಿನ ನಾಟಕ, ಎಂದವಳೂ ನಾನೇ, ಕಾಲೇಜು ಸೇರಿದ ಮೇಲೆ.

ಈಗ ತೊಂದರೆ ಎಂದರೆ, ಬರುವ ಸೋಮವಾರವೇ ಸೂಡಿಯಲ್ಲಿ ಚಿಗವ್ವನ ಮೊಮ್ಮಗಳ ಕುಬಸ. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಆರತಿ ಬೆಳಗುವ ಕಾರ್ಯ.

"ಸಾಯೋಕಿ ಹಾಡನ್ನ ಬಸರ ಹುಡುಗಿ ಮುಂದ ಹಾಡಲೇನ ನಾ?" ಎಂದಳು ಚಿಗವ್ವ. ಮುಖ ಸಣ್ಣದಾಗಿತ್ತು. "ಖರೇ ಏನಂತ ಗೊತ್ತಾಗೂ ಮಟಾ ಬಾಯಿ ತಗಿಯೂದಿಲ್ಲ."

"ಬ್ಯಾರೆ ಧಾಟೀಲೆ ಹಾಡಬೇ."

"ಬ್ಯಾರೆ ಧಾಟಿ ಊರ ಮಂದಿ ಹಾಡತಾರ. ಅಜ್ಜಿ ಹಾಡು ಇಲ್ಲಂದ್ರ ಮಣಿ ಮ್ಯಾಲೆ ಕುಂದ್ರೂದಿಲ್ಲ ಅಂತ ಅಕಿ ಫೋನಿನ್ಯಾಗ ಹೇಳ್ಯಾಳ. ಹಚ್ಚಿದಾಕಿ ನೀನು, ಆರಸಾಕಿನೂ ನೀನ. ಎಂ.ಎ. ಓದೀದಿಲ್ಲ? ಹುಡುಕು!"

ನನ್ನ ಎಂ.ಎ. ಇತಿಹಾಸದಲ್ಲಿ. ಮೂಲ ನೋಡದೆ ಮಾತಾಡಬಾರದು ಎಂದು ಎರಡು ವರ್ಷ ಕಲಿತು ಬಂದವಳು ನಾನು.

ಮರುದಿನ ರೋಣದಲ್ಲಿ, ನಮ್ಮ ಮನೆಯ ಹತ್ತಿರದ ಗ್ರಂಥಾಲಯಕ್ಕೆ ಹೋದೆ. ಒಳಗೆ ಎಲ್ಲ ಕುರ್ಚಿಗಳಲ್ಲೂ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ಒಪೆರಾ ಕುರಿತು ಏನಾದರೂ ಇದೆಯೇ ಎಂದು ಕೇಳಿದೆ.

"ಯಾವ ಪರೀಕ್ಷಾಕ್ಕ ಬರ್ತದ್ರಿ ಅದು, ಮೇಡಂ?" ಎಂದರು ಗ್ರಂಥಪಾಲಕರು. ಮೂಲೆಯಲ್ಲಿದ್ದ ಒಬ್ಬಳು ಗಾಬರಿಯಿಂದ ತಲೆ ಎತ್ತಿದಳು, ಸಿಲೆಬಸ್ಸಿನಲ್ಲಿ ತಾನೇನೋ ಬಿಟ್ಟೆನೆಂಬಂತೆ.

ಕೊನೆಗೆ ವಿಶ್ವಕೋಶದ ಒಂದು ಸಂಪುಟ ಸಿಕ್ಕಿತು. ಅದರಲ್ಲಿ ಒಪೆರಾಕ್ಕೆ ಒಂದು ಪುಟಕ್ಕಿಂತ ಕಡಿಮೆ ಜಾಗ. ಎಲ್ಲಿ ಹುಟ್ಟಿತು, ಹೇಗೆ ಬೆಳೆಯಿತು ಎಂದಿತ್ತು. ನಮ್ಮ ಹಾಡು ಯಾವುದು ಎಂದು ಅದಕ್ಕೇನು ಗೊತ್ತು? ಹೆಸರು ಗೊತ್ತಿದ್ದರೆ ಯಾವ ಪುಸ್ತಕವಾದರೂ ಉತ್ತರ ಕೊಡುತ್ತದೆ. ನನ್ನ ಹತ್ತಿರ ಇದ್ದದ್ದು ಮೊಬೈಲಿನಲ್ಲಿ ಹಿಂದೊಮ್ಮೆ ಹಿಡಿದಿಟ್ಟ ಚಿಗವ್ವನ ದನಿ, ಅದರ ಹಿಂದೆ ಕುಕ್ಕರಿನ ಸೀಟಿ. ಗುನುಗಿದರೆ ಹಾಡು ಹುಡುಕಿ ಕೊಡುವ ಸೌಲಭ್ಯ ಮೊಬೈಲಿನಲ್ಲೇ ಇದೆಯಲ್ಲ ಎಂದು ಅದಕ್ಕೂ ಕೇಳಿಸಿದೆ. ಅದು ಭಜನೆಯೊಂದನ್ನು ತೋರಿಸಿತು.

"ಸ್ವರ ಹಿಡಿಯಾಕ ಪೇಟಿ ಮಾಸ್ತರ ಬೇಕ್ರಿ," ಎಂದು ನರಗುಂದದ ದಾರಿ ತೋರಿಸಿದವರು ಅದೇ ಗ್ರಂಥಪಾಲಕರು.

ಮಾಸ್ತರರ ಮನೆ ನರಗುಂದದ ಗುಡ್ಡದ ಬುಡಕ್ಕೆ. ಮಕ್ಕಳಿಗೆ ಹಾರ್ಮೋನಿಯಂ ಹೇಳಿಕೊಡುತ್ತಾರೆ. ನನ್ನ ಕತೆ ಕೇಳಿದ ಕೂಡಲೇ ಒಳಗೆ ಹೋಗಿ ದಪ್ಪನೆಯ ಇಂಗ್ಲಿಷ್ ಪುಸ್ತಕವೊಂದನ್ನು ಒರೆಸುತ್ತ ತಂದರು. ರದ್ದಿಯಲ್ಲಿ ಕೊಂಡದ್ದಂತೆ. ಹೆಸರು ಗೊತ್ತಿಲ್ಲದ ಪಾಶ್ಚಾತ್ಯ ಹಾಡನ್ನು ಅದರ ಮೊದಲ ಸ್ವರಗಳ ಅಕ್ಷರ ಹಿಡಿದು ಹುಡುಕುವ ಪುಸ್ತಕ ಅದು. ಇಂಥದ್ದೊಂದು ಜಗತ್ತಿನಲ್ಲಿದೆ ಎಂದೇ ನನಗೆ ತಿಳಿದಿರಲಿಲ್ಲ.

"ಇದನ್ನ ಇಟಗೊಂಡಿದ್ದಕ್ಕ ಮನ್ಯಾಗ ದಿನಾ ಬೈಸ್ಕೊಂಡೀನ್ರಿ," ಎಂದರು ಮಾಸ್ತರರು, ಅಡುಗೆಮನೆಗೆ ಕೇಳಿಸುವ ಹಾಗೆ. "ಇವತ್ತ ಒಂದು ಗಿರಾಕಿ ಬಂತು ನೋಡ್ರಿ!"

"ಬಂದದ್ದು ಒಂದ ಗಿರಾಕಿ," ಎಂದಿತು ಒಳಗಿನ ದನಿ. "ಚಹಾ ಆದ್ರೂ ಕುಡಿಸಿ ಕಳಸ್ರಿ."

ಮೊದಲ ಸಲ ಏನೂ ಸಿಗಲಿಲ್ಲ. "ನಿಮ್ಮ ಚಿಗವ್ವ ಧಾಟಿಗೆ ಮೈತುಂಬ ಒಡವಿ ಹಾಕ್ಯಾಳ್ರಿ," ಎಂದು ಮಾಸ್ತರರು ನಡುನಡುವಿನ ಗಿರಕಿಗಳನ್ನು ಒಂದೊಂದಾಗಿ ಬಿಡಿಸಿ ಬರಿಯ ಸ್ವರಗಳನ್ನಷ್ಟೇ ನುಡಿಸಿದರು. ನಮ್ಮ ಸಾ ಎಂಬುದನ್ನು ಇಂಗ್ಲಿಷಿನ ಸಿ, ರಿ ಎಂಬುದನ್ನು ಡಿ ಎಂದಿಟ್ಟುಕೊಂಡು ಅಕ್ಷರಗಳನ್ನು ನಾನು ಹುಡುಕಿದೆ. ಒಂದು ಸಾಲು ಹತ್ತಿರ ಬಂತು. ಆ ಹಾಡನ್ನು ಮೊಬೈಲಿನಲ್ಲಿ ಹಾಕಿದೆವು. ಎರಡನೆಯ ಸಾಲಿನಲ್ಲಿ ದನಿ ಅಟ್ಟ ಹತ್ತಿತು. ಮಾಸ್ತರರು ತೊಡೆ ತಟ್ಟಿಕೊಂಡರು. ಪುಸ್ತಕವನ್ನು ಎತ್ತಿಕೊಂಡು ಅಡುಗೆಮನೆಗೆ ತೋರಿಸಲು ಹೋದರು.

ನಾನು ಮಾತ್ರ ಆ ಒಪೆರಾದ ಕತೆ ಹುಡುಕಿ ಓದಿದೆ. ಮೊದಲ ಅಂಕದಲ್ಲಿ ಹುಡುಗಿ ತನ್ನವನ ದಾರಿ ಕಾಯುತ್ತ ಈ ಹಾಡು ಹಾಡುತ್ತಾಳೆ. ಕೊನೆಯ ಅಂಕದಲ್ಲಿ ಚೂರಿ ತಾಗಿ ಸಾಯುತ್ತಾಳೆ. ಇನ್ನೆರಡು ಕಡೆ ಓದಿದೆ. ಎಲ್ಲೆಲ್ಲೂ ಸಾಯುತ್ತಾಳೆ.

ನರಗುಂದದಿಂದ ಗಜೇಂದ್ರಗಡದವರೆಗೆ ಬಸ್ಸಿನಲ್ಲಿ ಕೂತು ಒಂದು ಸುಳ್ಳು ಹೊಂದಿಸಲು ನೋಡಿದೆ. ಹಾಡು ಸಿಗಲೇ ಇಲ್ಲ ಎನ್ನಬಹುದಿತ್ತು. ಆದರೆ ಒಳಗೆ ಕಾಲಿಟ್ಟ ಕೂಡಲೇ ಚಿಗವ್ವ ನನ್ನ ಮುಖ ನೋಡಿ, "ಸತ್ತಳು?" ಎಂದಳು.

"ಹೂಂ."

"ತೋರಸು. ನಾನೂ ನೋಡತೀನಿ."

ಕೊನೆಯ ಅಂಕದ ವಿಡಿಯೋ ಹಾಕಿದೆ. ಚಿಗವ್ವ ಕನ್ನಡಕ ಏರಿಸಿ ಕುಳಿತಳು. ಚೂರಿ ತಾಗಿದ ಮೇಲೂ ಹಾಡು ನಿಲ್ಲಲಿಲ್ಲ. "ಇಷ್ಟೊತ್ತಿಗೆ ದವಾಖಾನಿಗೆ ಹೋಗಿ ಪಟ್ಟಿ ಕಟ್ಟಿಸ್ಕೊಂಡು ಬರತಿದ್ಲು," ಎಂದಳು. ಆದರೂ ಅವಳ ಕಣ್ಣು ಒದ್ದೆಯಾಗಿದ್ದವು. ಹುಡುಗಿ ಒರಗಿದಳು. ಪರದೆ ಬಿತ್ತು. ನಾನು ಬಂದ್ ಮಾಡಲು ಬೆರಳು ಚಾಚಿದೆ.

"ತಡಿ!" ಚಿಗವ್ವ ನನ್ನ ಮಣಿಕಟ್ಟು ಹಿಡಿದಳು.

ಪರದೆ ಮತ್ತೆ ಸರಿಯಿತು. ಸತ್ತವಳು ನಗುತ್ತ ಬಂದು, ಎದೆಯ ಮೇಲೆ ಕೈಯಿಟ್ಟು ಬಾಗಿದಳು. ಚೂರಿ ಹಾಕಿದವನೇ ಅವಳ ಕೈ ಹಿಡಿದುಕೊಂಡಿದ್ದ. ಯಾರೋ ಹೂವು ಕೊಟ್ಟರು.

"ಎದ್ದಳ ನೋಡ!"

"ಅದು ನಾಟಕ ಮುಗದ ಮ್ಯಾಲೆ, ಚಿಗವ್ವಾ. ಮಂದಿಗೆ ನಮಸ್ಕಾರ ಮಾಡಾಕ."

"ಮುಗಿಯೂದು ಹ್ಯಾಂಗ? ಮಂಗಳ ಆಗಬೇಕಲ್ಲ? ರಾತ್ರಿಯೆಲ್ಲಾ ಆಡೋ ನಮ್ಮ ಸಣ್ಣಾಟದಾಗ ಸತ್ತಾವನೂ ಕೊಂದಾವನೂ ಬಾಜೂಕ ನಿಂತು ಮಂಗಳಾರತಿ ಹಾಡೂದಿಲ್ಲೇನು? ಬೆಳಕು ಹರಿಯೂದ್ರಾಗ ಎಲ್ಲಾರೂ ಎದ್ದಿರತಾರ. ನಿನ್ನ ಪುಸ್ತಕದಾಗ ಇದನ್ನ ಬರದಿಲ್ಲ?"

ಬರೆದಿರಲಿಲ್ಲ. ನಾನು ಓದಿದ ಎಲ್ಲ ಕತೆಗಳೂ ಪರದೆ ಬೀಳುವಲ್ಲಿಗೇ ನಿಂತಿದ್ದವು.

"ಆದ್ರ ಅಕಿ ಮಂಗಳ ಹಾಡಲಿಲ್ಲಲ್ಲ, ಬರೇ ಬಾಗಿದಳು," ಎಂದೆ, ಬಿಡದೆ.

"ಹಾಡಿ ಹಾಡಿ ದಣದಾಳ, ಪಾಪ," ಎಂದಳು ಚಿಗವ್ವ, ಕನ್ನಡಕ ತೆಗೆದಿಡುತ್ತ. "ಉಳದದ್ದು ನಾ ಹಾಡತೀನಿ."

ಸೋಮವಾರ ಸೂಡಿಯಲ್ಲಿ ಮೊಮ್ಮಗಳು ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕುಳಿತಳು. ಚಿಗವ್ವ ಆರತಿ ತಟ್ಟೆ ಹಿಡಿದು ಹಾಡಿದಳು. ಅದೂ ಮೊಬೈಲಿನ ಹಾಡೂ ಒಂದೇ ಏನು? ಏರುವಲ್ಲಿ ಒಂದೇ ಅನ್ನಿಸಿತು, ಇಳಿಯುವಲ್ಲಿ ಸಂಶಯ ಬಂತು. ಈ ಸಂಶಯವನ್ನು ಅವಳಿಗೆ ಹೇಳಿಲ್ಲ. ಹಾಡು ಮುಗಿದ ಮೇಲೆ ಅವಳು ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಎದೆಯ ಮೇಲೆ ಕೈಯಿಟ್ಟು, ನೆರೆದ ಹೆಂಗಸರಿಗೆಲ್ಲ ನಿಧಾನವಾಗಿ ಬಾಗಿದಳು.

"ಅಜ್ಜೀ, ಇದೇನಬೇ ಹೊಸಾದು?" ಎಂದು ಮೊಮ್ಮಗಳು ನಕ್ಕಳು.

"ಹಾಡಿನ ಕಡೀ ನುಡಿ ಇದು," ಎಂದಳು ಚಿಗವ್ವ. "ಆವಾಗ ಸೆಲ್ ಮುಗದಿದ್ವು."

ಜಕ್ಕಲಿಯಿಂದ ಬಂದಿದ್ದ ಇಬ್ಬರು ಹೆಂಗಸರು ಆಗಲೇ ಎದೆಯ ಮೇಲೆ ಕೈಯಿಟ್ಟು ತಾವೂ ಬಾಗಿ ನೋಡುತ್ತಿದ್ದರು.